ಎಣ್ಣೆಯ ನಿದ್ದೆ

ಎಂಟು ತಿಂಗಳ ಮಗು ನೆಲಕ್ಕೆ ಬಿದ್ದಾಗ ಆಗುವ ಸದ್ದು ಅಷ್ಟು ಚಿಕ್ಕದು ಎಂದು ನನಗೆ ಗೊತ್ತಿರಲಿಲ್ಲ.

ಪ್ರತಿ ಶುಕ್ರವಾರ ಬೆಳಿಗ್ಗೆ, ಗಲ್ಫಿನ ಗುದೈಬಿಯಾದ ನಮ್ಮ ಫ್ಲ್ಯಾಟಿನಲ್ಲಿ ಅದ್ವಿತನಿಗೆ ಎಣ್ಣೆ ಸ್ನಾನ. ಉಡುಪಿಯಿಂದ ಅತ್ತೆ ವಿಡಿಯೋ ಕಾಲ್‌ನಲ್ಲೇ ಉಸ್ತುವಾರಿ ನೋಡಿಕೊಳ್ಳುತ್ತಾರೆ. ನೆತ್ತಿಗೆ ಇನ್ನಷ್ಟು ಹಾಕು, ಕಾಲು ಸರಿಯಾಗಿ ತಿಕ್ಕು ಎನ್ನುತ್ತಿರುತ್ತಾರೆ. ಅವರಾದರೆ ನೆಲದಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಿಕ್ಕುವವರು. ಸಿಸೇರಿಯನ್ ಆದ ನನಗೆ ನೆಲದಿಂದ ಏಳುವುದೇ ಕಷ್ಟ. ಹಾಗಾಗಿ ಮಂಚದ ಮೇಲೆ ಹಳೆ ಟವೆಲ್ ಹಾಸುತ್ತಿದ್ದೆ. ಅವತ್ತು ದಿಂಬಿಗೆ ಒರಗಿಸಿದ್ದ ಫೋನ್ ಜಾರಿತು. ನೆಟ್ಟಗೆ ಮಾಡಲು ಒಂದು ಕೈ ಚಾಚಿದೆ. ಇನ್ನೊಂದು ಕೈ ಅವನ ಹೊಟ್ಟೆಯ ಮೇಲೇ ಇತ್ತು. ಆದರೆ ಮೈಯೆಲ್ಲ ಎಣ್ಣೆ. ಮಗುಚಿಕೊಂಡವನು ಕೈಯಡಿಯಿಂದ ಜಾರಿಹೋದ.

ಟೈಲ್ಸಿಗೆ ತಲೆ ಬಡಿಯಿತು.

ಅರೆಕ್ಷಣ ಸುಮ್ಮನಿದ್ದ. ಆಮೇಲೆ ಅತ್ತ. ಫೋನಿನಲ್ಲಿ ಅತ್ತೆಗೆ ಕಾಣುತ್ತಿದ್ದುದು ಬರೀ ಸೀಲಿಂಗ್. "ಎಂತ ಆಯ್ತು? ಮಗು ಎಲ್ಲಿ?" ಎಂದು ಕೇಳುತ್ತಲೇ ಇದ್ದರು. ನಾನು ಅವನನ್ನು ಟವೆಲ್ಲಿನಲ್ಲಿ ಸುತ್ತಿ ಎತ್ತಿಕೊಂಡೆ.

ಗಂಡ ಪ್ರಶಾಂತ ಕಾರು ಓಡಿಸಿದರು. ದಾರಿಯಲ್ಲಿ ಅಳು ನಿಂತು ಮಗುವಿನ ಕಣ್ಣು ಮುಚ್ಚತೊಡಗಿತು. ಪೆಟ್ಟಾದ ಮಗುವನ್ನು ಮಲಗಲು ಬಿಡಬಾರದೆಂದು ಎಲ್ಲೋ ಕೇಳಿದ್ದೆ. ಕೆನ್ನೆ ತಟ್ಟಿದೆ. ಹೆಸರು ಹಿಡಿದು ಕೂಗಿದೆ. ಕೊನೆಗೆ ತೊಡೆ ಚಿವುಟಿಯೂ ಬಿಟ್ಟೆ.

ಎಮರ್ಜೆನ್ಸಿಯಲ್ಲಿ ಮಲಯಾಳಿ ಡಾಕ್ಟರಮ್ಮ ತಲೆ ಮುಟ್ಟಿ ನೋಡಹೋದರೆ ಅವರ ಬೆರಳೂ ಜಾರುತ್ತಿತ್ತು. ನರ್ಸ್ ಎಣ್ಣೆ ಒರೆಸಿದ ಮೇಲೆ ಹಣೆಯ ಬುಗುಟು ಎದ್ದು ಕಂಡಿತು. ವಾಂತಿ ಆಯಿತಾ, ಫಿಟ್ಸ್ ಬಂತಾ ಎಂದು ಕೇಳಿದರು. ಇಲ್ಲ, ಇಲ್ಲ ಎಂದೆ. ಎಂದಿಗಿಂತ ಹೆಚ್ಚು ಮಂಪರು ಇದೆಯಾ ಎಂದರು.



ಎಣ್ಣೆ ತಿಕ್ಕಿದ ದಿನ ಅವನು ಮಧ್ಯಾಹ್ನದವರೆಗೂ ಮಿಸುಕುವುದಿಲ್ಲ. ಆ ನಿದ್ದೆಯ ಆಸೆಗೇ ನಾನು ವಾರವಿಡೀ ಶುಕ್ರವಾರಕ್ಕೆ ಕಾಯುವವಳು. ಈಗ ಬಂದಿರುವುದು ಎಣ್ಣೆಯ ನಿದ್ದೆಯೋ, ಪೆಟ್ಟಿನ ಮಂಪರೋ? ಹೆತ್ತವಳಿಗೇ ತಿಳಿಯದಿದ್ದರೆ ಇನ್ನು ಯಾರನ್ನು ಕೇಳಲಿ?

ತಮ್ಮ ಮನೆಯಲ್ಲೂ ಮಕ್ಕಳಿಗೆ ಎಣ್ಣೆ ತಿಕ್ಕುತ್ತಾರೆ ಎಂದರು ಡಾಕ್ಟರ್. ಆದರೆ ನಗಲಿಲ್ಲ. ಸದ್ಯಕ್ಕೆ ಸಿ.ಟಿ. ಸ್ಕ್ಯಾನ್ ಬೇಡ, ಅಬ್ಸರ್ವೇಷನ್‌ನಲ್ಲಿ ಇರಲಿ, ಮಲಗಲು ಬಿಡಿ, ನಾವೇ ಎಬ್ಬಿಸಿ ನೋಡುತ್ತೇವೆ ಎಂದರು. ಎದ್ದರೆ ಒಳ್ಳೆಯದು. ಏಳದಿದ್ದರೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವನು ಮಲಗಿದ. ಉಸಿರಿಗೆ ಏರಿಳಿಯುವ ಅವನ ಹೊಟ್ಟೆಯನ್ನೇ ನೋಡುತ್ತ ಕೂತೆ. ಹೊರಗೆ ಪ್ರಶಾಂತ ಫೋನಿನಲ್ಲಿ ಅತ್ತೆಗೆ ಡಾಕ್ಟರ್ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

ನರ್ಸ್ ಬಂದು ಅಂಗಾಲು ಉಜ್ಜಿದಳು. ಮಿಸುಕಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ಉಜ್ಜಿದಳು. 

ಅವನು ಕಾಲು ಎಳೆದುಕೊಂಡ.

ಆಮೇಲೆ ಹುಬ್ಬು ಗಂಟಿಕ್ಕಿ, ನನ್ನ ಕರಿಮಣಿ ಹಿಡಿದು, ಹಾಲಿಗಾಗಿ ಆಸ್ಪತ್ರೆಯೇ ಕೇಳುವಂತೆ ಅತ್ತ. ಕುಡಿದ ಹಾಲು ಹೊಟ್ಟೆಯಲ್ಲೇ ಉಳಿಯಿತು. ಸಂಜೆಗೆ ಮನೆಗೆ ಕಳಿಸಿದರು. ವಾಂತಿಯಾದರೆ, ಎಬ್ಬಿಸಿದರೂ ಏಳದಿದ್ದರೆ ತಕ್ಷಣ ಕರೆತನ್ನಿ ಎಂದರು.

ಮುಂದಿನ ಶುಕ್ರವಾರ ನೆಲದಲ್ಲೇ ಕೂತೆ. ಫೋನನ್ನು ಪ್ರಶಾಂತ ಹಿಡಿದುಕೊಂಡರು. ಅತ್ತೆ ಈ ಸಲ ಒಂದು ಸಲಹೆಯನ್ನೂ ಕೊಡಲಿಲ್ಲ. ಸ್ನಾನವಾಗಿ ಅವನು ಗಾಢವಾಗಿ ಮಲಗಿದ ಮೇಲೂ ಫೋನ್ ಇಡಲಿಲ್ಲ. ಕೊನೆಗೆ ಮೆಲ್ಲನೆ ಹೇಳಿದರು:

"ಒಂದ್ಸಲ ಆ ನರ್ಸ್ ಉಜ್ಜಿದ ಹಾಗೆ ಅಂಗಾಲು ಉಜ್ಜಿ ನೋಡು ಮಗಾ. ನಂಗೂ ಕಾಣ್ಬೇಕು."