ಕೋಣನಿಗೆ ಹೇಳಿದ ಮನೆಸುದ್ದಿ

ಮೊನ್ನೆ ತಿ. ನರಸೀಪುರದ ಸಂಗಮದಲ್ಲಿ ಕೋಣವೊಂದು ಮೂಗು, ಕಣ್ಣು, ಕೊಂಬುಗಳನ್ನಷ್ಟೇ ನೀರಿನ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಜೀವಮಾನವಿಡೀ ಪುನರ್ಜನ್ಮದ ವಿರುದ್ಧ ವಾದಿಸಿದ ನಾನು ಅದಕ್ಕೆ ಇನ್ನೇನು ನಮಸ್ಕಾರ ಹೇಳುವುದರಲ್ಲಿದ್ದೆ. ನಗಬೇಡಿ, ಇದಕ್ಕೆ ಕಾರಣ ಒಂದು ಥಾಯ್ ಸಿನಿಮಾ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷಗಳಾಗಿದ್ದವು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಸ್ಟೀಲ್ ಲೋಟಗಳ ಬಲದಿಂದ ಸಮಾಜವನ್ನು ತಿದ್ದಿಬಿಡಬಹುದೆಂದು ನಾನು ನಂಬಿದ್ದ ಕಾಲ. ಮೈಸೂರಿನ ಗೆಳೆಯ ಕೊಟ್ಟ ಡಿವಿಡಿಯನ್ನು ನಮ್ಮ ಯುವಕ ಸಂಘದ ಹಾಲ್‌ನಲ್ಲಿ ತೋರಿಸಿ, ಬಳಿಕ ಪುನರ್ಜನ್ಮದ ನಂಬಿಕೆಯನ್ನು ಖಂಡಿಸಿ ಭಾಷಣ ಮಾಡುವುದೆಂದು ನಿಶ್ಚಯಿಸಿದೆ. ಪರದೆಯ ಮೇಲಿನ ಇಂಗ್ಲಿಷ್ ಸಾಲುಗಳನ್ನು ಕನ್ನಡದಲ್ಲಿ ಹೇಳುವ ಹೊಣೆಯೂ ನನ್ನದೇ. ಹುಲ್ಲಹಳ್ಳಿಯಿಂದ ನನ್ನ ತಂದೆಯ ತಂಗಿ ಗಿರಿಜತ್ತೆಯನ್ನು ಒತ್ತಾಯಿಸಿ ಕರೆತಂದಿದ್ದೆ. ಮಾವ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅತ್ತೆ ಮನೆ ಬಿಟ್ಟು ಹೊರಟದ್ದೇ ಅಪರೂಪ.

ಸಿನಿಮಾದಲ್ಲಿ ನಡೆಯುವುದು ಇಷ್ಟೇ: ನದೀತೀರದ ವಿಧವೆಯೊಬ್ಬಳು, ಗಂಡನೇ ಕೋಣವಾಗಿ ಹುಟ್ಟಿ ಬಂದಿದ್ದಾನೆಂದು ನಂಬಿ, ದಿನವೂ ಅದರ ಬಳಿ ಕುಳಿತು ಮನೆಯ ಸುದ್ದಿ ಹೇಳುತ್ತಾಳೆ. ಕೋಣ ಮೆಲುಕು ಹಾಕುತ್ತದೆ. ಮಂಜು ಇಳಿದಾಗ ಅಲ್ಲಿ ಗಂಡ ಕುಳಿತಂತೆ ಕಾಣುತ್ತದೆ. ಮಂಜು ಸರಿದರೆ ಕೋಣವೇ. ಕನಸು ಅವಳದೋ, ಕೋಣನದೋ, ನಿರ್ದೇಶಕ ಹೇಳುವುದಿಲ್ಲ.

"ಏನ್ ಸಾ, ಆಗ್ಲಿಂದ ಮೆಲುಕಾಕ್ತಾನೇ ಅದೆ. ಫೈಟಿಂಗ್ ಯಾವಾಗ?" ಎಂದ ಹಿಂದಿನ ಸಾಲಿನ ರೈತನೊಬ್ಬ.

"ಸುಮ್ನಿರ್ಲಾ, ಎಂಗ್ ಸಾಕವ್ಳೆ ನೋಡು!" ಎಂದ ಪಕ್ಕದವನು.

ಸಿನಿಮಾ ಮುಗಿಯಿತು. ನಾನು ಗಂಟಲು ಸರಿಮಾಡಿಕೊಂಡು "ಮಾನ್ಯ ಸಭಿಕರೇ" ಎನ್ನುವಷ್ಟರಲ್ಲಿ ಅತ್ತೆ ಕುಳಿತಲ್ಲಿಂದಲೇ ಕೇಳಿದರು: "ಅವ್ನು ಹುಟ್ಟಿಬಂದ್ನೋ ಇಲ್ವೋ, ಅದಿರ್ಲಿ ಕಣಪ್ಪ. ಸತ್ತೋರಿಗೆ ಹಂಗೆ ಸುದ್ದಿ ಹೇಳ್ಬೋದಾ?"

ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುವ ನಮ್ಮವರಲ್ಲಿ ಸತ್ತವರು ಶಿವನೊಳಗೆ ಬೆರೆತರೆಂದೇ ಲೆಕ್ಕ. ಮರಳಿ ಹುಟ್ಟುವ ಮಾತಿಲ್ಲ. "ಐಕ್ಯವಾದೋರನ್ನ ಕೂಗಿ ಕರೀಬ್ಯಾಡ ತಾಯಿ" ಎಂದು ಹಿರಿಯರು ಸಮಾಧಿಯ ಬಳಿ ಹೇಳಿದ್ದರು. ಅತ್ತೆ ಅಂದಿನಿಂದ ಮಾವನನ್ನು ಉದ್ದೇಶಿಸಿ ಒಂದು ಮಾತೂ ಆಡಿರಲಿಲ್ಲ. ಮಗಳು ಸುಮಳ ಟೀಚರ್ ಕೆಲಸದ ಆರ್ಡರಿಗಾಗಿ ಕಾದೂ ಕಾದೂ ಮಾವ ಹೋಗಿದ್ದರು. ಮರುತಿಂಗಳು ಅದು ಬಂತು. ಹೇಳಲೇಬೇಕಾದವರಿಗೆ ಹೇಳದ ಆ ಸುದ್ದಿ ಅತ್ತೆಯೊಳಗೇ ಉಳಿದುಬಿಟ್ಟಿತ್ತು.

ಆತ್ಮ, ಕರ್ಮ, ಮೋಕ್ಷ ಎಲ್ಲಕ್ಕೂ ನನ್ನ ಭಾಷಣದಲ್ಲಿ ಖಂಡನೆಯಿತ್ತು. ಇದಕ್ಕೆ ಇರಲಿಲ್ಲ.

"ನಡೀರಿ ಅತ್ತೆ, ಹೇಳಿ ನೋಡಣ" ಎಂದೆ.

ಮರುದಿನ ಬೆಳಿಗ್ಗೆ ಹುಲ್ಲಹಳ್ಳಿಯ ನಾಲೆ ಪಕ್ಕದ ಹೊಲದಲ್ಲಿ, ಮಾವನ ಸಮಾಧಿಯ ಮುಂದೆ ಅತ್ತೆ ಸೆರಗು ಸರಿಮಾಡಿಕೊಂಡು ಕುಳಿತರು. "ನೀನು ಆ ಕಡೆ ತಿರುಗ್ಕೊಳೋ" ಎಂದು ನನ್ನನ್ನು ಗದರಿದರು. ಆಮೇಲೆ ತೀರ ಮೆಲ್ಲಗೆ: "ಏನ್ರೀ, ಸುಮಂಗೆ ಆರ್ಡ್ರು ಬಂತು ಕಣ್ರೀ. ಬಿಳಿಗೆರೆ ಸ್ಕೂಲು. ಬಸ್ಸಿನ್ ತಾಪತ್ರಯ ಅಂತ ಈಗ್ಲೇ ಶುರು ಹಚ್ಕೋಬ್ಯಾಡಿ."

ತಮ್ಮ ಮಾತಿಗೆ ತಾವೇ ನಕ್ಕರು. ನಗುತ್ತಲೇ ಅಳು ಬಂತು. ನಾನು ಬೇಲಿಯನ್ನೇ ನೋಡುತ್ತ ನಿಂತಿದ್ದೆ.

ಈಗ ಆ ಹೊಲದಲ್ಲಿ ಎರಡು ಸಮಾಧಿಗಳಿವೆ. ಪುನರ್ಜನ್ಮದ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಯಾವ ವೇದಿಕೆಯಲ್ಲಿ ಬೇಕಾದರೂ ಸಮರ್ಥಿಸಿಕೊಳ್ಳಬಲ್ಲೆ. ಆದರೂ ಹೋದ ವಾರ ಅಲ್ಲಿಗೆ ಹೋದವನು, ಸುತ್ತ ಯಾರೂ ಇಲ್ಲವೆಂದು ಖಾತ್ರಿಪಡಿಸಿಕೊಂಡು, "ಅತ್ತೆ, ನಮ್ಮ ಸುಮ ಹೆಡ್ ಮೇಡಂ ಆದ್ಲು" ಎಂದೆ.

ಹೇಳಿ, ಅಲ್ಲೇ ಕುಳಿತು ಸ್ವಲ್ಪ ಹೊತ್ತು ಕಾದೆ. ಎದ್ದು ಬರಲು ಮನಸ್ಸಾಗಲಿಲ್ಲ.