ಬೇವೂ ಬೆಲ್ಲವೂ ಸರದಿಯಲ್ಲಿ

ಅಕ್ಕನ ಮಗಳು ಮುಷ್ಟಿ ಹಿಡಿದರೆ ಬೆರಳು ಬೇಗ ಬಿಚ್ಚಿಕೊಳ್ಳುತ್ತಿರಲಿಲ್ಲ. ಸ್ನಾಯು ಬಿಗಿಯುವ ಅಪರೂಪದ ಕಾಯಿಲೆ. ಚನ್ನರಾಯಪಟ್ಟಣದಲ್ಲಿ ಬಸ್ಸಿಳಿಯುವಾಗ ಕಾಲು ನೆಲಕ್ಕಿಟ್ಟರೂ ಕೈ ಕಂಬಿ ಬಿಡಲಿಲ್ಲ, ಬಸ್ಸು ಹೊರಟೇಬಿಟ್ಟಿತು. ಮೊಣಕಾಲು ತರಚಿಕೊಂಡು ಬಂದವಳಿಗೆ ಅಕ್ಕ, "ಆಸನದ ಕಾಲೇಜೂ ಬ್ಯಾಡ, ಏನೂ ಬ್ಯಾಡ" ಅಂದುಬಿಟ್ಟಳು. ತೊಂಬತ್ತರ ದಶಕದ ಮಾತು. ನಾನಾಗ ಅದೇ ಹಾಸನದ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ನನಗೆ ಮೈಯೆಲ್ಲ ಉರಿದುಹೋಯಿತು.

ಬೆಂಗಳೂರಿನ ಡಾಕ್ಟರ ಬಳಿ ಒಂದು ಮಾತ್ರೆಯಿತ್ತು. ಹೃದಯಕ್ಕೆ ತೊಂದರೆ ಮಾಡಬಹುದು, ಗುಣ ಖಚಿತವಾಗದೆ ವರ್ಷಗಟ್ಟಲೆ ಕೊಡಲಾರೆ ಎಂದರು. ಪರೀಕ್ಷಿಸೋಣವೆಂದರೆ ರೋಗಿಗಳೇ ಬೆರಳೆಣಿಕೆ. "ಇರೋರಲ್ಲೇ ಮಾಡೋಣ ಸಾರ್, ಲೆಕ್ಕ ನಾನು ಹಾಕ್ತೀನಿ" ಅಂದೆ. ಹೊಳೆನರಸೀಪುರ, ಅರಕಲಗೂಡು ಸುತ್ತಿ ಇದೇ ಕಾಯಿಲೆಯ ಕೆಲವರನ್ನು ಹುಡುಕಿದೆವು. ಅವರಲ್ಲೊಬ್ಬಳು ಅಕ್ಕನ ನಾದಿನಿಯ ಮಗಳೇ. ಅರ್ಧ ಜನಕ್ಕೆ ನಿಜವಾದ ಮಾತ್ರೆ, ಉಳಿದವರಿಗೆ ಅದರಂತೆಯೇ ಕಾಣುವ ಹುಸಿ ಮಾತ್ರೆ. ಯಾರದ್ದು ಯಾವುದೆಂದು ಡಾಕ್ಟರ ಕಚೇರಿ ಬಿಟ್ಟರೆ ಯಾರಿಗೂ ಗೊತ್ತಿಲ್ಲ.

ಮಾತ್ರೆ ಕೊಟ್ಟ ಮೇಲಿನ ಮೊದಲ ಭೇಟಿಯಲ್ಲೇ ಅಕ್ಕ ಕಾಫಿ ಕೊಡುತ್ತಾ ಹೇಳಿದಳು: "ನಾದಿನಿ ಅವಳ ಮಗಳ ಮಾತ್ರೆ ಡಬ್ಬಿ ಇಡ್ಕಂಡು ಬಂದಿದ್ಲು ಕಣೆ. ಎರಡು ಡಬ್ಬೀನೂ ಸುರ್ಕಂಡು, ಕಲಸಿ, ಅರ್ಧರ್ಧ ಅಂಚ್ಕಂಡ್ವಿ."

"ಅಯ್ಯೋ, ಎಲ್ಲಾ ಕೆಡಿಸ್ಬುಟ್ಟೆಯಲ್ಲಕ್ಕ!"

"ಏನ್ ಕೆಡ್ತು? ಯುಗಾದೀಲಿ ಒಂದು ಮಗೀಗೆ ಬರೀ ಬೇವು, ಇನ್ನೊಂದುಕ್ಕೆ ಬರೀ ಬೆಲ್ಲ ಕೊಡ್ತಾರೇನೆ?"

ಕಾಫಿಯನ್ನೂ ಕುಡಿಯದೆ ಬಸ್ಸು ಹತ್ತಿದೆ. ಹಾಸನ ಬರುವಷ್ಟರಲ್ಲಿ ಸಿಟ್ಟು ಇಳಿದು ತಲೆ ಓಡತೊಡಗಿತ್ತು. ಎರಡನ್ನೂ ಎಲ್ಲರಿಗೂ ಕೊಡೋಣ, ಆದರೆ ಕಲಸದೆ, ಸರದಿಯಲ್ಲಿ. ಯಾವುದು ಮೊದಲೆಂದು ಡಾಕ್ಟರ ಕಚೇರಿಯಲ್ಲೇ ಗುಟ್ಟಾಗಿ ಚೀಟಿ ಎತ್ತುವುದು. ನಡುವೆ, ಮೊದಲಿನದು ಮೈಯಿಂದ ಇಳಿಯುವವರೆಗೆ ಬಿಡುವು. ಮುಷ್ಟಿ ಬಿಚ್ಚಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ನೋಡುವುದು. ಒಬ್ಬೊಬ್ಬರ ಕೈಗೆ ಅವರವರ ಕೈಯೇ ಹೋಲಿಕೆಯಾದರೆ ಕೆಲವೇ ಜನ ಸಾಕು. ನಾನೇ ಪಾಠ ಮಾಡಿದ್ದ ಪದ್ಧತಿ! ಡಾಕ್ಟರು ಒಪ್ಪಿದರು.

ಮೊದಲ ಸರದಿಯಲ್ಲಿ ಹುಡುಗಿಯ ಬೆರಳು ಸಲೀಸಾಗಿ ಬಿಚ್ಚಿಕೊಂಡವು. ಬಿಡುವು ಬಂತು, ಮತ್ತೆ ಬಿಗಿದವು. ಅಕ್ಕ ನನ್ನ ಕೈ ಹಿಡಿದು ಅತ್ತಳು. "ಮೊದಲ್ನೇದೇ ಕೊಡಿಸ್ಬುಡೆ, ನಿನ್ನ ದಮ್ಮಯ್ಯ."

"ಆಗಲ್ಲಕ್ಕ. ಇದು ಮುಗೀದಿದ್ರೆ ಯಾರಿಗೂ ಸಿಗಲ್ಲ" ಅಂದೆ. ಮೂಗು ಒರೆಸಿಕೊಂಡು ಎದ್ದಳು. ಮುಂದೆ ನಾದಿನಿ ಬಂದಾಗಲೆಲ್ಲ, ಮತ್ತೆ ಕಲಸುವ ಮಾತು ಬರದಂತೆ, ಎರಡನೆಯ ಸರದಿಯ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳಂತೆ.

ಗುಟ್ಟು ತೆರೆದಾಗ, ಹೆಚ್ಚುಕಡಿಮೆ ಎಲ್ಲರ ಕೈ ಬಿಚ್ಚಿದ್ದು ನಿಜವಾದ ಮಾತ್ರೆಯ ಸರದಿಯಲ್ಲೇ. ಡಾಕ್ಟರು ಹೃದಯವನ್ನು ಆಗಾಗ ಪರೀಕ್ಷಿಸುತ್ತಾ ಮಾತ್ರೆ ಮುಂದುವರಿಸಿದರು.

ಅವಳು ಕಾಲೇಜು ಸೇರುವ ದಿನ ಹಾಸನದ ಬಸ್ ನಿಲ್ದಾಣದಲ್ಲಿ ಕಾದಿದ್ದೆ. ಬಾಗಿಲಲ್ಲಿ ಕಂಬಿ ಹಿಡಿದು ನಿಂತಿದ್ದಳು. ಹಿಡಿದುಕೊಳ್ಳಲು ಓಡಿದೆ.

"ಚಿಕ್ಕಮ್ಮ, ಪಕ್ಕಕ್ಕೆ ನಿಂತ್ಕೊ" ಅಂದಳು. ಕಂಬಿ ಬಿಟ್ಟು ಇಳಿದಳು.