ಕಾಕಾರ ಎಡಗಿವಿ

ಕಾಕಾರ ಎಡಗಿವಿಯ ಅಂಚು ಯಾವಾಗಲೂ ಕಪ್ಪಗಿರುತ್ತಿತ್ತು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಮೀಸೆಗೆ ಬಣ್ಣ ಬಳಿದುಕೊಂಡು, ಇಸ್ತ್ರಿ ಮಾಡಿದ ಸಫಾರಿಯಲ್ಲಿ ಹೊರಗೆ ಬಂದರೂ ಆ ಕಿವಿಯ ಸುರುಳಿಯಲ್ಲಿ ಗ್ರೀಸು ಹಾಗೇ ಕೂತಿರುತ್ತಿತ್ತು. ಬಲಗಿವಿ ವರ್ಕ್‌ಶಾಪಿನ ಗದ್ದಲಕ್ಕೆ ಎಂದೋ ಕೆಟ್ಟುಹೋಗಿತ್ತು. ಹಾಗಾಗಿ ಲೋಕದ್ದೆಲ್ಲವನ್ನೂ ಎಡಗಿವಿಯಿಂದಲೇ ಕೇಳಬೇಕು. ಯಾರದಾದರೂ ಗಾಡಿ ಕೆಟ್ಟಿತೆಂದರೆ ಮಂಡಿಯೂರಿ, ಆ ಕಿವಿಯನ್ನು ಪೆಟ್ರೋಲ್ ಟ್ಯಾಂಕಿಗೆ ಹಚ್ಚಿ, ಒಂದು ಕೈ ಮೇಲೆತ್ತುತ್ತಿದ್ದರು. ಪುಣೆಯ ಖಡಕಿಯ ನಮ್ಮ ಗಲ್ಲಿಯಲ್ಲಿ ತರಕಾರಿ ಮಾರುವವನೂ ಆ ಕೈ ಕಂಡರೆ ಕೂಗು ನಿಲ್ಲಿಸುತ್ತಿದ್ದ.

ನಮ್ಮ ಕೆಳಗಿನ ಮನೆ ಅವರದು. ಧಾರವಾಡ ಕಡೆಯವರು, ಮಿಲಿಟರಿ ಗಾಡಿಗಳ ರಿಪೇರಿಯಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದವರು. ರಕ್ತಸಂಬಂಧವೇನೂ ಇಲ್ಲ, ಅಪ್ಪನ ಗೆಳೆಯರು. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯ ಗಂಡುದನಿ ಅವರೊಬ್ಬರದೇ ಆಯಿತು. ವಿನಯ ಎನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ. "ಸತ್ತವರ ಎದಿಗೆ ಕಿವಿ ಹಚ್ಚಿದ್ರೂ ಯಾಕ ಸತ್ತಾರ ಅಂತ ಹೇಳೇನಿ ನಾ" ಎಂದು ಕೊಚ್ಚಿಕೊಳ್ಳುವರು. ಒಳಗಿನಿಂದ ಅವರ ಹೆಂಡತಿ, ನಮ್ಮ ಕಾಕು, "ಮೊದಲ ಕುಕ್ಕರ್ ಎಷ್ಟ್ ಸರ್ತಿ ಕೂಗ್ತು ಹೇಳ್ರಿ" ಎನ್ನುವರು. ಅದು ಮಾತ್ರ ಅವರಿಗೆ ಎಂದೂ ಕೇಳಿಸುತ್ತಿರಲಿಲ್ಲ.

ವಾಕಡದ ಆಫೀಸಿನ ಸಂಬಳ ಕೂಡಿಟ್ಟು ನಾನೊಂದು ಹಳೆಯ ಪೆಟ್ರೋಲ್ ಜೀಪು ತಂದೆ. ಕಲ್ಲು, ಕೆಸರು, ಹಳ್ಳ ಹತ್ತಿಸಿ ಓಡಿಸುವ ಹುಚ್ಚು ನನಗೆ ಕಾಲೇಜಿನಿಂದಲೇ ಇತ್ತು. ಅವ್ವ ಜೀಪು ನೋಡಿ, ಇದು ಬೇಡವೇ ಬೇಡ ಎಂದು ಹೇಳಿ, ಕೆಲವು ದಿನ ಮಾತು ಬಿಟ್ಟಳು. ಕಾಕಾ ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಬಾನೆಟ್ ತಟ್ಟಿ, "ಇನ್ನ ನೀ ನನ್ನ ಕೈಗೆ ಸಿಕ್ಕಿ ನೋಡವಾ" ಎಂದರು.

ಸಿಕ್ಕೆ. ಪ್ರತಿ ರವಿವಾರ ಪಾಠ. ಚಾವಿ ತಿರುವಿದ ಕೂಡಲೇ ಎಂಜಿನ್ ಎಬ್ಬಿಸಬಾರದು, ಮೊದಲು ಕೇಳಬೇಕು. ಟ್ಯಾಂಕಿನೊಳಗೆ ಕೂತ ಪಂಪು ಒಂದು ಕ್ಷಣ ಗುಂಯ್ ಎಂದು ಪೆಟ್ರೋಲನ್ನು ಮುಂದಕ್ಕೆ ತಳ್ಳುತ್ತದೆ. ಆ ಸದ್ದು ಇಲ್ಲವೆಂದರೆ ಗಾಬರಿಯಾಗಿ ಟ್ಯಾಂಕು ಬಿಚ್ಚಬಾರದು. ಮೊದಲು ಫ್ಯೂಜ್ ನೋಡು, ಆಮೇಲೆ ರಿಲೇ, ಆಮೇಲೆ ವೈರು. "ಪಂಪಿಗೆ ಕೈ ಹಚ್ಚೂದು ಕಡೀಕ. ಪಂಪ ಸುಟ್ಟದ ಅಂತ ಮೊದಲ ಮಾತಿಗೇ ಹೇಳಾಂವ ಒಂದು ದಡ್ಡ, ಇಲ್ಲಾ ಕಳ್ಳ." ಇದು ಅವರ ಮಂತ್ರ. ಇನ್ನೊಂದಿತ್ತು: "ಗಾಡಿ ಸುಳ್ಳ ಹೇಳೂದಿಲ್ಲವಾ. ನಾವ ತಪ್ಪ ಕೇಳಸ್ಕೋತೀವಿ."

ರಿಲೇ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಒಂದು ಕಪ್ಪು ಡಬ್ಬಿ. ಪಂಪಿಗೆ ಕರೆಂಟು ಬಿಡುವುದು ಅದೇ. ಕಾಕಾರ ಸಾಮಾನಿನ ಡಬ್ಬದಲ್ಲಿ ಒಳಗೆ ಸುಟ್ಟುಹೋದ ರಿಲೇ ಒಂದಿತ್ತು. ಚಾವಿ ತಿರುವಿದರೆ ಒಳ್ಳೆಯದರ ಹಾಗೇ ಟಕ್ ಎನ್ನುವುದು, ಕರೆಂಟು ಮಾತ್ರ ಬಿಡದು. "ಬಾಯಿಲೆ ಹೂಂ ಅಂತದ, ಕೆಲಸಾ ಮಾಡೂದಿಲ್ಲ, ನಮ್ಮ ಸೊಸೈಟಿ ಸೆಕ್ರೆಟರಿಗತೆ" ಎಂದು ನಗುವರು. ಅದನ್ನು ಗುಟ್ಟಾಗಿ ನನ್ನ ಜೀಪಿಗೆ ಸಿಕ್ಕಿಸಿ, "ಈಗ ಹುಡುಕು" ಎಂದು ಮೆಟ್ಟಿಲ ಮೇಲೆ ಚಹಾ ಹಿಡಿದು ಕೂರುವರು. ನಾನು ಹುಡುಕುತ್ತಿದ್ದೆ. ಒಳ್ಳೆಯದರ ಜೊತೆ ಬೆರೆಯಬಾರದೆಂದು ಅದರ ನೆತ್ತಿಗೆ ನಾನೇ ಕೆಂಪು ನೇಲ್ ಪಾಲಿಶ್ ಹಚ್ಚಿಟ್ಟೆ. "ಕುಂಕುಮ ಹಚ್ಚಿದೇನು?" ಎಂದು ಕಾಕಾ ನಕ್ಕಿದ್ದರು. "ಹಿಂತಾಕಿ ಇಡೀ ಪುಣೆದಾಗ ಇಲ್ಲ, ನನ್ನ ಕೈಯಾಗ ತಯಾರಾದಾಕಿ" ಎಂದು ಗಲ್ಲಿಯವರಿಗೆಲ್ಲ ಸಾರುತ್ತಿದ್ದರು. ಅಪ್ಪನೂ ನನ್ನನ್ನು ಅಷ್ಟು ಹೊಗಳಿರಲಿಲ್ಲ. ನಾನು ಉಬ್ಬಿಹೋಗಿದ್ದೆ.

ಮುಳಶಿಯ ಕಡೆ ಒಂದು ಬಯಲಿನಲ್ಲಿ ನಮ್ಮ ಜೀಪು ಗುಂಪಿನವರ ಪರೀಕ್ಷೆ ಇತ್ತು. ಕೆಸರಿನ ಹೊಂಡ, ಬಂಡೆ, ಕೊನೆಗೊಂದು ನೆಟ್ಟನೆಯ ಏರು. ದಾಟಿದವರಿಗೆ ಆ ಬೇಸಿಗೆಯ ಲಡಾಖ್ ಪ್ರಯಾಣದಲ್ಲಿ ಸ್ವಂತ ಗಾಡಿ ಓಡಿಸುವ ಅವಕಾಶ. ನಾನು ಬೇರೆ ಯಾವುದಕ್ಕೂ ಹಾಗೆ ಆಸೆಪಟ್ಟವಳಲ್ಲ. ಬೆಳಿಗ್ಗೆ ಕಾಕಾರೂ ನನ್ನ ಜೊತೆ ಹೊರಟರು. ದಾರಿಯುದ್ದಕ್ಕೂ ಜೀಪು ಚೆನ್ನಾಗಿಯೇ ಓಡಿತು.

ಅಲ್ಲಿ ಮುಟ್ಟಿದ ಮೇಲೆ, "ಹೋಗು, ಪೋಹೆ ತಿಂದು ಬಾ. ಖಾಲಿ ಹೊಟ್ಟೀಲೆ ಗಾಡಿ ನಡಸಬಾರದು. ನಾ ನಿಂದರತೀನಿ ಇಲ್ಲೆ" ಎಂದರು. ಹೋದೆ. ಎರಡೇ ತುತ್ತು ತಿಂದು ಎದ್ದೆ, ಅಷ್ಟು ಖುಷಿ.

ನನ್ನ ಸರದಿ ಹತ್ತಿರ ಬಂದಾಗ ಚಾವಿ ತಿರುವಿದೆ. ಟಕ್ ಎಂದಿತು. ಗುಂಯ್ ಇಲ್ಲ. ಇಳಿದು ಬಾನೆಟ್ ಕಡೆ ಹೋಗುವಷ್ಟರಲ್ಲಿ ಕಾಕಾ ನನ್ನ ಮೊಣಕೈ ಹಿಡಿದರು. "ಪಂಪ ಸುಟ್ಟದ. ಕೆಳಗ ಹೋಗು, ಟ್ಯಾಂಕಿನ ಕಡೆ ನೋಡು."

ನಾನು ಅವರ ಮಾತು ಕೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದೆ. ಅವರು ಹೇಳಿದ ಮೇಲೆ ಇನ್ನೇನು? ಕೆಸರಿನಲ್ಲಿ ಅಂಗಾತ ಮಲಗಿ ಜೀಪಿನಡಿ ತೆವಳಿದೆ. ಪೈಪು ತಟ್ಟು ಎಂದರು, ತಟ್ಟಿದೆ. ಫಿಲ್ಟರ್ ಬಿಚ್ಚು ಎಂದರು, ಬಿಚ್ಚಿದೆ. ಮುಖದ ಮೇಲೆ ಪೆಟ್ರೋಲು ಸುರಿಯಿತು. ಮೈಕಿನಲ್ಲಿ ನನ್ನ ನಂಬರು ಕೂಗುತ್ತಿದ್ದರು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಕಾಕಾರ ಬೂಟು ಮಾತ್ರ. ಅವರು ಮಂಡಿಯೂರಲಿಲ್ಲ. ಟ್ಯಾಂಕಿಗೆ ಕಿವಿ ಹಚ್ಚಲಿಲ್ಲ. ಕಿವಿ ಹಚ್ಚದೆಯೇ ಪಂಪು ಸುಟ್ಟದ್ದು ಗೊತ್ತಾಗಿದೆ, ಅದೂ ಮೊದಲ ಮಾತಿಗೇ! ಅಲ್ಲೇ ಮಲಗಿದ್ದಾಗ ಇದು ಹೊಳೆಯಿತು.

ಫಿಲ್ಟರ್ ಮತ್ತೆ ಕೂರಿಸಿ, ತೆವಳಿ ಹೊರಗೆ ಬಂದು ಬಾನೆಟ್ ಎತ್ತಿದೆ. ರಿಲೇ ಕಿತ್ತೆ. ನೆತ್ತಿಯ ಮೇಲೆ ಕೆಂಪು ನೇಲ್ ಪಾಲಿಶ್.

ಅದೇ ಅಳತೆಯ ಹಾರ್ನಿನ ರಿಲೇ ತೆಗೆದು ಅಲ್ಲಿ ಹಾಕಿದೆ. ಪಂಪು ಗುಂಯ್ ಎಂದಿತು, ಎಂಜಿನ್ ಎದ್ದಿತು. ಅಷ್ಟರಲ್ಲಿ "ಪುಢಚಾ ನಂಬರ್!" ಎಂದು ಮುಂದಿನವನನ್ನು ಕರೆದಾಗಿತ್ತು. ಪರೀಕ್ಷೆ ನಡೆಸುವವರು ಹತ್ತಿರ ಬಂದು, ಗಾಡಿ ನೋಡಿಕೊಂಡು ಬರುವುದಲ್ಲವೇ ಮ್ಯಾಡಮ್, ಎಂದು ಮರಾಠಿಯಲ್ಲಿ ಹಗುರಾಗಿ ಬೈದರು. ಸುತ್ತಲಿನವರೆಲ್ಲ ಕಾಕಾರಿಗೆ ಕೈಮುಗಿಯುತ್ತಿದ್ದ ಹುಡುಗರು. ನಾನು ಕೆಂಪು ರಿಲೇಯನ್ನು ಜೇಬಿಗೆ ಹಾಕಿಕೊಂಡು, "ಚೂಕ್ ಮಾಝೀಚ್ ಆಹೆ" ಎಂದೆ. ತಪ್ಪು ನನ್ನದೇ ಅಂತೆ! ಕಾಕಾರ ಮಾನ ಉಳಿಸಿದ್ದು ನಾನು. ಅವರು ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

ಮರಳಿ ಬರುವಾಗ ರಿಲೇಯನ್ನು ಅವರ ತೊಡೆಯ ಮೇಲೆ ಇಟ್ಟೆ.

"ಯಾಕ್ರಿ ಕಾಕಾ?"

"ನಿಮ್ಮವ್ವ ನನ್ನ ಮುಂದ ಕೂತು ಅತ್ತರು" ಎಂದರು. "ಯಾವದೋ ಜೀಪ ಪಲ್ಟಿ ಹೊಡದದ್ದು ಮೊಬೈಲಿನ್ಯಾಗ ನೋಡ್ಯಾರ. ನಿನ್ನ ತಡೀತೀನಿ ಅಂತ ನಾ ಮಾತು ಕೊಟ್ಟಿದ್ದೆ."

"ನನಗ ಮಾರಿ ಮ್ಯಾಲೆ ಹೇಳಬೇಕಿತ್ತಿಲ್ರಿ?"

"ಹೇಳಿದ್ರ ನೀ ಕೇಳ್ತಿದ್ದೇನು?"

"ಗಾಡಿ ಸುಳ್ಳ ಹೇಳೂದಿಲ್ಲ ಅಂತಿದ್ರಿ. ನೀವು ಗಾಡಿ ಬಾಯಿಲೆ ಸುಳ್ಳ ಹೇಳಿಸಿದ್ರಿ."

ಅವರು ರಿಲೇಯನ್ನು ಬೆರಳಿನಿಂದ ಉರುಳಿಸುತ್ತ ಕೂತರು. ಕೊನೆಗೆ ನನಗೆ ನಿಜವಾಗಿ ಬೇಕಾದದ್ದನ್ನು ಕೇಳಿದೆ. "ನಾ ಆ ಏರು ಹತ್ತಿಸ್ತೀನಿ ಅಂತ ನಿಮಗ ನಂಬಿಕಿ ಇರಲಿಲ್ಲೇನ್ರಿ?"

ಪಕ್ಕದ ಸೀಟಿನಲ್ಲಿ ಕೂತಾಗ ಅವರ ಕೆಟ್ಟ ಕಿವಿ ನನ್ನ ಕಡೆ ಇರುತ್ತಿತ್ತು. ನಾನು ಏನೇ ಹೇಳಿದರೂ ಸೊಂಟ ತಿರುವಿ ಎಡಗಿವಿಯನ್ನು ನನ್ನತ್ತ ತರುವುದು ಅವರ ರೂಢಿ. ಆ ಮಾತಿಗೆ ಮಾತ್ರ ತಿರುಗಲಿಲ್ಲ. ರಸ್ತೆಯನ್ನೇ ನೋಡುತ್ತ ಕೂತರು.

ಮನೆಗೆ ಬಂದರೆ ಅವ್ವ ನನಗಿಷ್ಟವಾದ ಸಿಹಿ, ಮಾದಲಿ ಮಾಡಿಟ್ಟಿದ್ದಳು. ಕೆಸರಿನಲ್ಲಿ ಮಿಂದು ಬಂದ ಮಗಳನ್ನು ನೋಡಿ ಏನಾಯಿತು ಎಂದು ಕೇಳಲಿಲ್ಲ. "ಕೈಕಾಲು ತೊಳಕೋ, ಊಟಕ್ಕ ಬಾ" ಎಂದಳು. ಅವಳ ಮೇಲಿನ ಸಿಟ್ಟು ಆ ಮಳೆಗಾಲದೊಳಗೆ ಇಳಿಯಿತು. ಅವ್ವ ಮೊದಲಿನಿಂದಲೂ ಬೇಡವೆಂದೇ ಹೇಳಿದವಳು, ಎದುರಿಗೇ ಹೇಳಿದವಳು. ಕಾಕಾ ಹಾಗಲ್ಲ. ಎಲ್ಲರೆದುರು ತಲೆಯ ಮೇಲೆ ಹೊತ್ತು ಮೆರೆಸಿ, ಯಾರೂ ಇಲ್ಲದಾಗ ನನ್ನ ಕಾಲ ಕೆಳಗಿನ ನೆಲ ತೆಗೆದರು. ಲಡಾಖ್ ಹೋದರೆ ಹೋಯಿತು, ನನ್ನ ಹೊಟ್ಟೆ ಉರಿದದ್ದು ಅದಕ್ಕಲ್ಲ.

ಕಾಕಾರ ಜೊತೆ ನಾನು ಮಾತು ಬಿಟ್ಟೆ. ಒಂದು ದಿನ ತಮ್ಮ ಸಾಮಾನಿನ ಡಬ್ಬವನ್ನು ಅವ್ವನ ಕೈಯಲ್ಲಿ ಕಳಿಸಿದರು. ತೆರೆಯದೆ ವಾಪಸು ಕಳಿಸಿದೆ. ಮುಂದಿನ ವರ್ಷ ಮನೆಯಲ್ಲಿ ಯಾರಿಗೂ ಹೇಳದೆ ಅದೇ ಬಯಲಿಗೆ ಹೋಗಿ ಆ ಏರು ಹತ್ತಿಸಿದೆ. ಮೇಲೆ ನಿಂತು ಕೆಳಗೆ ನೋಡಿದಾಗ ಕಣ್ಣು ಹುಡುಕಿದ್ದು ಸಫಾರಿಯನ್ನೇ. ನನ್ನ ಮೇಲೇ ನನಗೆ ಸಿಟ್ಟು ಬಂತು.

ಹೋದ ಚಳಿಗಾಲದಲ್ಲಿ ಕಾಕಾ ತೀರಿಕೊಂಡರು. ಕೆಳಗಿಳಿದು ಹೋದೆ. ನಡುಮನೆಯಲ್ಲಿ ಮಲಗಿಸಿದ್ದರು. ಯಾರೋ ಚೆನ್ನಾಗಿ ಉಜ್ಜಿ ತೊಳೆದಿದ್ದರು, ಎಡಗಿವಿ ಮೊದಲ ಬಾರಿಗೆ ಬೆಳ್ಳಗಿತ್ತು. ಅದರಲ್ಲಿ ಹತ್ತಿ ಇಟ್ಟಿದ್ದರು. ಕಾಕು ನನ್ನ ಕೈ ಹಿಡಿದು, "ದಿನಾ ಮುಂಜಾನೆ ನಿನ್ನ ಜೀಪಿನ ಸದ್ದಿಗೆ ಖಿಡಕ್ಯಾಗ ಕಿವಿ ಇಟ್ಟ ನಿಂದರತಿದ್ರವಾ" ಎಂದರು. "ಪಂಪ ಛಲೋ ಅದ ಅಂತ ಹೇಳಿ, ಆಮ್ಯಾಲೇ ಚಹಾ ಕುಡೀತಿದ್ರು."

ದಿನಾ ಮುಂಜಾನೆ! ಹೊರಗೆ ಬಂದು ಒಂದು ಮಾತು ಆಡಲು ಆಗಲಿಲ್ಲವೇ ಇವರಿಗೆ?

ಎದ್ದು ಅವರ ಎಡಕ್ಕೆ ಹೋಗಿ ಕೂತೆ. ಬಗ್ಗಿ, ಆ ಕಿವಿಯ ಹತ್ತಿರ ಬಾಯಿ ತಂದು ಹೇಳಿದೆ:

"ಪಂಪ ಛಲೋ ಅದ ರೀ ಕಾಕಾ. ನೀವು ಛಲೋ ಮಾಡಲಿಲ್ಲ."